ಹೊಗೆಪೆಟ್ಟಿಗೆಗೆ ಮೂಗು ಬಂದದ್ದು

"ಸೆವ್ರಿನ್! ಕೈಯಲ್ಲಿದ್ದದ್ದು ಅಲ್ಲೇ ಬಿಟ್ಟು ಬಾ! ಒಂದು ಚಂದ ತೋರಿಸ್ಲಿಕ್ಕುಂಟು!"

ಗಂಡ ಇನಾಸ್ ಮೇಷ್ಟ್ರು ಹಿತ್ತಲಿನಿಂದ ಹೀಗೆ ಕೂಗಿದಾಗಲೆಲ್ಲ ಸೆವ್ರಿನ್ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಮದುವೆಯಾಗಿ ಮೂವತ್ತೆಂಟು ವರ್ಷ. ಅಷ್ಟು ವರ್ಷಗಳಲ್ಲಿ ಆ ಕೂಗಿನ ಹಿಂದೆ ಒಳ್ಳೆಯದೇನಾದರೂ ಬಂದ ನೆನಪು ಅವಳಿಗಿಲ್ಲ. ಒಮ್ಮೆ ಮೇಷ್ಟ್ರು ಸುಧಾರಿಸಿದ ಪಂಪು ಬಾವಿಯ ನೀರನ್ನು ಟ್ಯಾಂಕಿಗೆ ಏರಿಸುವ ಬದಲು ಟ್ಯಾಂಕಿನ ನೀರನ್ನೆಲ್ಲ ಬಾವಿಗೆ ಇಳಿಸಿತ್ತು. ಇನ್ನೊಮ್ಮೆ ತಾನಾಗಿ ತೆರೆಯುವ ಗೇಟು ಇಗರ್ಜಿಯ ಪಾದ್ರಿಗಳನ್ನು ಒಳಗೂ ಬಿಡದೆ ಹೊರಗೂ ಬಿಡದೆ ಅರ್ಧ ಗಂಟೆ ನಡುವೆ ಹಿಡಿದುಕೊಂಡಿತ್ತು. ಐಟಿಐಯಲ್ಲಿ ಇಪ್ಪತ್ತೊಂಬತ್ತು ವರ್ಷ ವಯರಿಂಗ್ ಪಾಠ ಹೇಳಿ ನಿವೃತ್ತರಾದವರು ಉಳಿದ ಆಯುಷ್ಯವನ್ನು ಪತ್ರಿಕೆ ಓದಿ ಕಳೆಯಬೇಕು ತಾನೆ? ಇನಾಸ್ ಮೇಷ್ಟ್ರಿಗೆ ಹಾಗೆ ಅನಿಸಿರಲಿಲ್ಲ.

ಸೆವ್ರಿನ್ ಹಿತ್ತಲಿಗೆ ಬಂದಾಗ ನೆರೆಮನೆಯ ಕಾರ್ಮಿನ್ ಬಾಯಿ ಆಗಲೇ ಬೇಲಿಗೆ ಒರಗಿ ನಿಂತಿದ್ದರು. ಮೇಷ್ಟ್ರ ಯಂತ್ರಗಳೆಂದರೆ ಅವರಿಗೆ ಬಿಟ್ಟಿ ಸರ್ಕಸ್ಸು, ಒಂದು ಪ್ರದರ್ಶನವನ್ನೂ ತಪ್ಪಿಸಿದವರಲ್ಲ.

ನಡುವೆ ನಿಂತಿತ್ತು ಹೊಗೆಪೆಟ್ಟಿಗೆ. ಅದು ಮೂಲತಃ ಸೆವ್ರಿನ್‌ಳ ಬಟ್ಟೆಯ ಕಬ್ಬಿಣದ ಕಪಾಟು. ನಾಲ್ಕು ವರ್ಷದ ಹಿಂದೆ ಮೇಷ್ಟ್ರು ಅದರೊಳಗೆ ಕೊಕ್ಕೆಗಳನ್ನು ಹೊಡೆದು, ತಳದಲ್ಲಿ ಕರೆಂಟಿನ ಕಾಯಿಲ್ ಇಟ್ಟು, ಅದರ ಮೇಲೆ ತೆಂಗಿನ ಸಿಪ್ಪೆ, ಗೇರುಮರದ ಚಕ್ಕೆ ಸುರಿದು, ಹಂದಿಮಾಂಸಕ್ಕೆ ಹೊಗೆ ಹಾಕುವ ಪೆಟ್ಟಿಗೆ ಮಾಡಿದ್ದರು. ಅದಕ್ಕಿದ್ದದ್ದು ಒಂದೇ ಸ್ವಿಚ್ಚು. ಹಾಕಿದರೆ ಮಾಂಸ ಇದ್ದಲಾಗುತ್ತಿತ್ತು, ತೆಗೆದರೆ ಹಸಿಯಾಗಿಯೇ ಉಳಿಯುತ್ತಿತ್ತು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಸೆವ್ರಿನ್ ಹಾಕುವುದು, ತೆಗೆಯುವುದು ಮಾಡುತ್ತಾ ಕೂತರೆ ಮಾತ್ರ ಅದರಿಂದ ತಿನ್ನುವಂಥದ್ದು ಹೊರಬರುತ್ತಿತ್ತು.

ಈಗ ಅದರ ಹಣೆಯ ಮೇಲೆ ಕೆಂಪು ಅಂಕಿಗಳು ಮಿನುಗುತ್ತಿದ್ದವು. 31.

"ಡಿಜಿಟಲ್ ಕಂಟ್ರೋಲರ್!" ಮೇಷ್ಟ್ರು ಎದೆ ಉಬ್ಬಿಸಿದರು. "ಇನ್ನು ಸ್ಟೂಲು ಬೇಡ. ಅರವತ್ತೈದು ಡಿಗ್ರಿ ಅಂತ ಹೇಳಿದ್ರೆ ಅರವತ್ತೈದೇ. ಅರ್ಧ ಡಿಗ್ರಿ ಮೇಲೆ ಇಲ್ಲ, ಕೆಳಗೆ ಇಲ್ಲ! ಕರೆಂಟ್ ಹೋದ್ರೆ ಒಳಗೆ ಬ್ಯಾಟರಿ ಉಂಟು. ಮುಗಿಯುವವರೆಗೆ ಬಾಗಿಲು ಲಾಕ್."

"ಆ ಕಿಟಕಿಗೆ ಅಂಟಿಸಿದ್ದು ಎಂತ ಮೇಷ್ಟ್ರೆ, ಬಾಟ್ಲಿಯ ಮುಚ್ಚಳದ ಹಾಗೆ?" ಕಾರ್ಮಿನ್ ಬಾಯಿ ಬೆರಳು ತೋರಿಸಿದರು.

ಮೇಷ್ಟ್ರು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. "ಅದು ಮೂಗು!"

"ಮೂಗಾ?"

"ವಾಸನೆ ಹಿಡಿಯುವ ಸೆನ್ಸರ್. ಮಾಂಸ ಆಯ್ತು ಅಂದ ತಕ್ಷಣ ಬಾಗಿಲು ತೆರೆದ್ರೆ ಎಂತ ಪ್ರಯೋಜನ? ಊಟ ತಯಾರಿರ್ಬೇಕಲ್ಲ! ಹಾಗಾಗಿ ಇದು ಅಡಿಗೆಮನೆಯ ಕಿಟಕಿಯಲ್ಲಿ ಕೂತು ಮೂಸ್ತದೆ. ಮಧ್ಯಾಹ್ನ ಸಾರು ಹದಕ್ಕೆ ಬಂದ ವಾಸನೆ ಸಿಕ್ಕಿತೋ, ಕಂಟ್ರೋಲರಿಗೆ ಹೇಳ್ತದೆ, ಬಾಗಿಲು ತೆರೀತದೆ. ಬಿಸಿ ಅನ್ನ, ಬಿಸಿ ಸಾರು, ಬಿಸಿ ಮಾಂಸ!"

"ಅದಕ್ಕೆ ಹದ ಹೇಗೆ ಗೊತ್ತು?" ಸೆವ್ರಿನ್ ಕೇಳಿದಳು.

"ನೀನೇ ಕಲಿಸಿದ್ದು!"

ಆಗ ಹೊರಬಿತ್ತು ಗುಟ್ಟು. ಕಳೆದ ನಲ್ವತ್ತು ದಿನಗಳಿಂದ ಆ ಮೂಗು ಕಿಟಕಿಯಲ್ಲಿ ಕೂತು ಸೆವ್ರಿನ್‌ಳ ಅಡಿಗೆಯನ್ನು ಮೂಸುತ್ತಾ ಇತ್ತಂತೆ. ಪಕ್ಕದಲ್ಲಿ ಒಂದು ಮೈಕು ಕೂಡ. ಅವಳು ಸೌಟಿನಿಂದ ಅಂಗೈಗೆ ಸಾರು ಬಿಟ್ಟು ನೆಕ್ಕಿ "ಇನ್ನೂ ಆಗ್ಲಿಲ್ಲ" ಎಂದು ಬೆಂಕಿ ಜೋರು ಮಾಡಿದ್ದನ್ನೂ, "ಹಾಂ, ಈಗ ಸರಿಯಾಯ್ತು" ಎಂದು ಒಲೆ ತಣಿಸಿದ್ದನ್ನೂ ಅದು ಒಂದೂ ಬಿಡದೆ ಕಲಿತುಕೊಂಡಿತ್ತು. ಮಳೆ ಜೋರಿದ್ದ ದಿನಗಳ ಒಣಮೀನು, ಆಮೇಲೆ ಬಂಗುಡೆ, ಬೂತಾಯಿ, ಸಿಗಡಿ, ಭಾನುವಾರದ ಹಂದಿ, ಎಲ್ಲದರ ಹೆಸರೂ ಅದಕ್ಕೆ ಬಾಯಿಪಾಠವಾಗಿತ್ತು.

"ಅದರ ಸ್ವಂತ ಹೊಗೆಯ ವಾಸನೆ ಅದಕ್ಕೆ ಬಡಿಯುವುದಿಲ್ವಾ?" ಕಾರ್ಮಿನ್ ಬಾಯಿ ಸುಮ್ಮನಿರುವವರಲ್ಲ.

"ಅದನ್ನು ಲೆಕ್ಕಕ್ಕೆ ಹಿಡಿಯದ ಹಾಗೆ ಮಾಡಿದ್ದೇನೆ. ಇಲ್ಲದಿದ್ರೆ ತನ್ನ ಬೆನ್ನು ತಾನೇ ತಟ್ಟಿಕೊಳ್ತದೆ!" ಮೇಷ್ಟ್ರು ಗುಂಡಿ ಒತ್ತಿದರು.

"ಇನ್ನೂ ಆಗ್ಲಿಲ್ಲ!" ಎಂದಿತು ಪೆಟ್ಟಿಗೆ.

ಸೆವ್ರಿನ್ ಬೆಚ್ಚಿಬಿದ್ದಳು. ಅದು ಅವಳದೇ ದನಿ! ಅವಳದೇ ಸಿಡುಕು, ಕೊನೆಯ ಅಕ್ಷರದ ಎಳೆತ ಕೂಡ ಅವಳದೇ.

"ನನ್ನ ದನಿ ಯಾಕೆ ಹಾಕಿದ್ದು?"

"ಬೇರೆ ಯಾರ ದನಿಗೆ ಈ ಮನೆಯಲ್ಲಿ ಜನ ಹೆದರ್ತಾರೆ?" ಎಂದರು ಮೇಷ್ಟ್ರು.

ಬೇರೆ ದಿನವಾಗಿದ್ದರೆ ಇದಕ್ಕೆ ಸರಿಯಾದ ಉತ್ತರ ಅವಳ ಬಾಯಲ್ಲಿತ್ತು. ಅಂದು ನುಂಗಿಕೊಂಡಳು. ಅವಳ ತಲೆಯಲ್ಲಿದ್ದದ್ದು ಒಂದೇ ವಿಷಯ. ಲಾಜರಣ್ಣ ಬರುತ್ತಾನೆ.

*

ಲಾಜರ್ ಸೆವ್ರಿನ್‌ಳ ಒಬ್ಬನೇ ಅಣ್ಣ. ಹನ್ನೊಂದು ವರ್ಷದಿಂದ ಈ ಮನೆಯ ಮೆಟ್ಟಿಲು ಹತ್ತಿಲ್ಲ. ಕಾರಣ ಯಾರನ್ನು ಕೇಳಿದರೂ ಹೇಳುತ್ತಾರೆ, ಏಕೆಂದರೆ ಫೋಟೋ ಇದೆ. ತಮ್ಮ ಮಗಳ ಮದುವೆಯ ಹಿಂದಿನ ದಿನ ಲಾಜರ್ ತಂಗಿಯ ಮನೆಗೆ ಬಂದಾಗ ಮೇಷ್ಟ್ರು ತಾನೇ ಮಾಡಿದ ತೆಂಗಿನಕಾಯಿ ತುರಿಯುವ ಯಂತ್ರವನ್ನು ತೋರಿಸಿದ್ದರು. "ಹತ್ತಿರ ಬಗ್ಗಿ ನೋಡಿ ಭಾವ" ಎಂದೂ ಹೇಳಿದ್ದರು. ಲಾಜರ್ ಬಗ್ಗಿದರು. ಮರುದಿನ ಮದುವೆಯ ಎಲ್ಲ ಫೋಟೋಗಳಲ್ಲೂ ವಧುವಿನ ತಂದೆಗೆ ಬಲಗಡೆ ಮಾತ್ರ ಮೀಸೆ!

ಆಮೇಲೆ ಸೆವ್ರಿನ್ ಎಷ್ಟು ಸಲ ಫೋನು ಮಾಡಿದಳೋ, ಎಷ್ಟು ಸಲ ಅತ್ತಿಗೆಯ ಕೈಯಲ್ಲಿ ಹೇಳಿಸಿದಳೋ. ಅಣ್ಣ ಜಗ್ಗಲಿಲ್ಲ. ಪ್ರತಿ ವರ್ಷ ಮೊಂತಿ ಹಬ್ಬ ಬಂದಾಗ ಅವಳಿಗೆ ಸಂಕಟ ಹೆಚ್ಚಾಗುತ್ತಿತ್ತು. ಸೆಪ್ಟೆಂಬರ್ ಎಂಟು, ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಅಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯ ಕಾಳನ್ನು ತೆಂಗಿನಹಾಲಿಗೆ ಹಾಕಿ ಮನೆಯ ಹಿರಿಯರು ಎಲ್ಲರಿಗೂ ಹಂಚಬೇಕು. ಅದೇ ನೊವೆಂ. ಹುಟ್ಟಿದ ಮನೆಯಲ್ಲಿ ಅಪ್ಪನ ನಂತರ ಅದನ್ನು ಹಂಚಿದವನು ಲಾಜರಣ್ಣ. ಹನ್ನೊಂದು ವರ್ಷದಿಂದ ಗಂಡ ಹಂಚಿದ್ದನ್ನು ಕುಡಿದು ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಈ ವರ್ಷ ಅತ್ತಿಗೆ ಮಗಳ ಬಾಣಂತನಕ್ಕೆಂದು ಮುಂಬೈಗೆ ಹೋಗಿದ್ದರು. ಒಬ್ಬನೇ ಕೂತು ಹಬ್ಬದ ಊಟ ಮಾಡುವುದು ಅಣ್ಣನಿಗೂ ಕಷ್ಟವಾಗಿರಬೇಕು. "ಬರ್ತೇನೆ. ಊಟ ಮಾಡಿ ಒಂದು ಗಂಟೆಯ ಬಸ್ಸಿಗೆ ಹೊರಡ್ತೇನೆ" ಎಂದು ಫೋನಿನಲ್ಲಿ ಹೇಳಿದ್ದರು. ಸ್ವಲ್ಪ ತಡೆದು ಸೇರಿಸಿದ್ದರು. "ಆದ್ರೆ ಒಂದು ಯಂತ್ರ ನನ್ನ ಕಣ್ಣಿಗೆ ಬಿದ್ರೂ ಅಲ್ಲಿಂದಲೇ ವಾಪಸು. ಮತ್ತೆ ನನ್ನ ಮುಖ ನೋಡುವ ಆಸೆ ಇಟ್ಟುಕೊಳ್ಬೇಡ."

ಹೊಗೆಮಾಂಸ ಕೂಡ ಅಣ್ಣನಿಗಾಗಿಯೇ. ಅವಳ ಕೈಯ ಹೊಗೆಮಾಂಸವೆಂದರೆ ಅವರಿಗೆ ಪ್ರಾಣ. ಹಬ್ಬದ ದಿನ ಮಾತ್ರ ಅದನ್ನು ಮುಟ್ಟುವಂತಿಲ್ಲ. ಮೊಂತಿ ಹಬ್ಬಕ್ಕೆ ಊರಿನ ಯಾವ ಕ್ರೈಸ್ತರ ಮನೆಯಲ್ಲೂ ಮೀನಿಲ್ಲ, ಮಾಂಸವಿಲ್ಲ, ಮೊಟ್ಟೆಯಿಲ್ಲ. ಎಲೆಯ ತುಂಬ ತರಕಾರಿ, ಅದೂ ಬೆಸ ಸಂಖ್ಯೆಯಲ್ಲಿ. ಮಾಂಸವನ್ನು ಬಾಳೆಲೆಯಲ್ಲಿ ಕಟ್ಟಿ ಅಣ್ಣನ ಚೀಲಕ್ಕೆ ಹಾಕಿದರೆ ಮರುದಿನ ತಿನ್ನಲಿ ಎಂಬುದು ಅವಳ ಯೋಜನೆ.

"ಏಳನೇ ತಾರೀಕಿಗೆ ಮುಗಿದು, ಈ ಪೆಟ್ಟಿಗೆಗೆ ಗೋಣಿ ಮುಚ್ಚಿರ್ಬೇಕು" ಎಂದು ಗಂಡನಿಗೆ ಕಟ್ಟುನಿಟ್ಟಾಗಿ ಹೇಳಿದಳು.

"ಮೂವತ್ತು ಗಂಟೆ ಸಾಕು. ಈಗ ಒಂಬತ್ತು. ನಾಳೆ ಮೂರಕ್ಕೆ ಮುಗೀತದೆ!"

ಮಾತು ತಪ್ಪಲಿಲ್ಲ. ಮರುದಿನ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಹೊಗೆ ನಿಂತಿತು. ಆದರೆ ಬಾಗಿಲು ತೆರೆಯಲಿಲ್ಲ. ಮಧ್ಯಾಹ್ನದ ಬೂತಾಯಿ ಸಾರು ಆಗಲೇ ಹೊಟ್ಟೆ ಸೇರಿ, ಪಾತ್ರೆ ತೊಳೆದು, ನಾಳೆಯ ಹಬ್ಬಕ್ಕೆಂದು ಅಡಿಗೆಮನೆಯನ್ನೇ ಸೋಪು ಹಾಕಿ ಉಜ್ಜಿಯಾಗಿತ್ತು. ಪೆಟ್ಟಿಗೆ ಮೂಸಿತು, ಯೋಚಿಸಿತು, ಸೆವ್ರಿನ್‌ಳ ದನಿಯಲ್ಲಿ ಹೇಳಿತು. "ನಾಳೆ ಊಟದ ಹೊತ್ತಿಗೆ ತೆರೀತೇನೆ."

"ಅಷ್ಟೇ ತಾನೆ!" ಎಂದರು ಮೇಷ್ಟ್ರು. "ಹೊಗೆ ಇಲ್ಲ, ಶಬ್ದ ಇಲ್ಲ. ಸುಮ್ಮನೆ ಬೆಚ್ಚಗೆ ಇಟ್ಟುಕೊಂಡಿರ್ತದೆ. ನಾಳೆ ಹನ್ನೆರಡಕ್ಕೆ ಟಕ್ ಅಂತ ತೆರೀತದೆ. ಗೋಣಿ ಮುಚ್ಚು."

ಸೆವ್ರಿನ್ ಗೋಣಿ ಮುಚ್ಚಿದಳು. ನಾಳೆ ಊಟಕ್ಕೆ ಏನು ಎಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಅದನ್ನು ಪೆಟ್ಟಿಗೆಗೆ ಯಾರೂ ಹೇಳಿಲ್ಲ ಎಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

*

ಹಬ್ಬದ ದಿನ ಬೆಳಿಗ್ಗೆ ಪೂಜೆ ಮುಗಿಸಿ, ತೆನೆಯನ್ನೂ ಕಬ್ಬನ್ನೂ ಹಿಡಿದು ಮನೆಗೆ ಬಂದವಳೇ ಸೆವ್ರಿನ್ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಹನ್ನೊಂದೂಮುಕ್ಕಾಲಿಗೆ ಒಂಬತ್ತು ಬಗೆ ತಯಾರು. ಪತ್ರೊಡೆ, ಕೆಸುವಿನ ದಂಟು, ಅಲಸಂಡೆ, ಬೆಂಡೆ, ಹೀರೆ, ಹಾಗಲ ಎಂದು ಎಲ್ಲವನ್ನೂ ಸಾಲಾಗಿ ಜೋಡಿಸಿ, ಪಾಯಸ ಕೆಳಗಿಳಿಸಿದಳು. ತೆಂಗಿನಹಾಲಿನ ಬಟ್ಟಲು ಮೇಜಿನ ನಡುವೆ ಕೂತಿತು. ಅಣ್ಣನ ಕುರ್ಚಿಗೆ ಹೊಸ ಬಟ್ಟೆ ಹಾಸಿ, ಎರಡು ಸಲ ಸರಿಮಾಡಿದಳು.

ಫೋನು ಬಂತು. "ಬಸ್ಸು ಇಳಿದೆ. ನಡ್ಕೊಂಡು ಬರ್ತಾ ಇದ್ದೇನೆ." ಕಾಲು ಗಂಟೆಯ ದಾರಿ.

ಇಗರ್ಜಿಯ ಗಂಟೆ ಹನ್ನೆರಡು ಹೊಡೆಯಿತು. ಗೋಣಿಯೊಳಗಿನಿಂದ ದನಿ ಬಂತು.

"ಹನ್ನೆರಡಾಯ್ತು. ಇನ್ನೂ ಆಗ್ಲಿಲ್ಲ!"

ಸೆವ್ರಿನ್ ಕಿಟಕಿಗೆ ಓಡಿದಳು. ಹಿತ್ತಲಿನಲ್ಲಿ ಮೇಷ್ಟ್ರು ಗೋಣಿ ಎತ್ತಿ ನೋಡುತ್ತಿದ್ದರು. ಕೆಂಪು ಅಂಕಿ 60 ಇದ್ದದ್ದು 68 ಆಯಿತು. 74 ಆಯಿತು.

"ಎಂತಾಯ್ತು ಅದಕ್ಕೆ?"

"ಊಟ ಆಗ್ಲಿಲ್ಲ ಅಂತ ಹೇಳ್ತಾ ಉಂಟು."

"ಒಂಬತ್ತು ಬಗೆ ಆಗಿದೆ! ಅದಕ್ಕೆ ಮೂಗಿಲ್ವಾ?"

ಮೇಷ್ಟ್ರ ಮುಖ ನಿಧಾನವಾಗಿ ಬಿಳಿಚಿತು. "ಮೂಗುಂಟು" ಎಂದರು. "ಮೂಗಿಗೆ ಮೀನು ಬೇಕು."

ಆಗ ಸೆವ್ರಿನ್‌ಗೆ ಅರ್ಥವಾಯಿತು. ನಲ್ವತ್ತು ದಿನ, ನಲ್ವತ್ತು ಮಧ್ಯಾಹ್ನ. ಶುಕ್ರವಾರ ಮಾಂಸವಿಲ್ಲದಿದ್ದರೆ ಮೀನು, ಮಳೆಯಲ್ಲಿ ಮೀನು ಸಿಗದಿದ್ದರೆ ಒಣಮೀನು. ಮೀನೋ ಮಾಂಸವೋ ಇಲ್ಲದ ಊಟ ಎಂಬುದೊಂದು ಲೋಕದಲ್ಲಿದೆ ಎಂದೇ ಆ ಪೆಟ್ಟಿಗೆಗೆ ಗೊತ್ತಿಲ್ಲ! ಹನ್ನೆರಡು ಹೊಡೆದರೂ ಸಾರಿನ ವಾಸನೆ ಇಲ್ಲವೆಂದರೆ ಬೆಂಕಿ ಸಾಲದು ಎಂದರ್ಥ. ಬೆಂಕಿ ಸಾಲದಿದ್ದರೆ ಜೋರು ಮಾಡಬೇಕು. ಅದನ್ನು ಕಲಿಸಿದವಳು ಸ್ವತಃ ಅವಳೇ.

"ಸ್ವಿಚ್ ತೆಗೀರಿ!"

ಮೇಷ್ಟ್ರು ಓಡಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದರು. ಮನೆಯ ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು. ಪೆಟ್ಟಿಗೆ ನಿಲ್ಲಲಿಲ್ಲ.

"ಕರೆಂಟ್ ಹೋಯ್ತು" ಎಂದಿತು ಅದು ಸೆವ್ರಿನ್‌ಳ ದನಿಯಲ್ಲಿ, ಇದು ನಿತ್ಯದ ಕತೆ ಎಂಬ ಬೇಸರದಿಂದ. "ಬ್ಯಾಟರಿ ಉಂಟು." 83.

"ಬ್ಯಾಟರಿ ತೆಗೀರಿ!"

"ಬ್ಯಾಟರಿ ಒಳಗುಂಟು. ಬಾಗಿಲು ಲಾಕ್."

"ವಯರು ಕತ್ತರಿಸಿ!"

"ಅಯ್ಯೋ, ಬೇಡ ಮಾರಾಯ್ತಿ! ತಾಪ ನೋಡುವ ವಯರು ತುಂಡಾದ್ರೆ ಅದು ಸೊನ್ನೆ ಡಿಗ್ರಿ ಅಂತ ತಿಳ್ಕೊಂಡು ಕಾಯಿಲ್ ಪೂರ್ತಿ ಉರಿಸ್ತದೆ. ಒಳಗೆ ಹನ್ನೆರಡು ಕಿಲೋ ಹಂದಿ! ನೂರೈವತ್ತು ದಾಟಿದ್ರೆ ಕೊಬ್ಬು ತೊಟ್ಟಿಕ್ಕಿ ಹೊತ್ತಿಕೊಳ್ತದೆ. ಪಕ್ಕದಲ್ಲೇ ಕಟ್ಟಿಗೆ ಕೊಟ್ಟಿಗೆ, ಅದರ ಆಚೆ ಅಡಿಗೆಮನೆ..."

ವಾಕ್ಯ ಮುಗಿಯಲಿಲ್ಲ. ಪೆಟ್ಟಿಗೆಯ ಕೆಳಗಿಂದ ಗರಗರ ಶಬ್ದ ಬಂತು. ಸಿಪ್ಪೆ ತುಂಬಿದ ಡಬ್ಬಿ ತಾನಾಗಿ ಅಲುಗಿ, ಕಾಯಿಲಿನ ಮೇಲೆ ಒಂದು ಬುಟ್ಟಿಯಷ್ಟು ತೆಂಗಿನ ಸಿಪ್ಪೆ ಸುರಿಯಿತು. ಸಂದುಗಳಿಂದ ಹೊಗೆ ನುಗ್ಗಿತು. 97.

"ಅಡಿಗೆಮನೆಯಲ್ಲಿ ವಾಸನೆಯೇ ಇಲ್ಲ" ಎಂದು ಗದರಿತು ಪೆಟ್ಟಿಗೆ. "ಕಳಿಸ್ತೇನೆ!"

"ಎಂತ ಕಳಿಸ್ತದೆ ಅದು?"

ಮೇಷ್ಟ್ರು ತಲೆ ತಗ್ಗಿಸಿದರು. ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನನ್ನೂ ಅವರು ಅದೇ ಕಂಟ್ರೋಲರಿಗೆ, ಅದೇ ಬ್ಯಾಟರಿಗೆ ಜೋಡಿಸಿದ್ದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಫ್ಯಾನು ಒಂದು ದಿನವೂ ಜೋರಾಗಿ ತಿರುಗಿದ್ದಿಲ್ಲ. ಈಗ ಉಲ್ಟಾ ತಿರುಗಿತು, ಎಷ್ಟು ಜೋರಾಗಿಯೆಂದರೆ ಪಾತ್ರೆಯ ಮುಚ್ಚಳಗಳು ಒಂದೊಂದೇ ಹಾರಿ ಗೋಡೆಗೆ ಬಡಿದವು! ಹೊಗೆ ಕಂಬದ ಹಾಗೆ ಒಳಗೆ ಬಂದು ಬೆಂಡೆಯ ಮೇಲೆ ಕೂತಿತು, ಹೀರೆಯ ಮೇಲೆ ಕೂತಿತು, ಪಾಯಸದೊಳಗೆ ಇಳಿಯಿತು. ಸೆವ್ರಿನ್ ನೊವೆಂ ಬಟ್ಟಲನ್ನು ಎದೆಗೆ ಅವಚಿಕೊಂಡು, ಸೆರಗು ಮುಚ್ಚಿ ಹೊರಗೆ ಓಡಿದಳು. ಊರಿಗೇ ಬೆಂಕಿ ಬಿದ್ದರೂ ಅದಕ್ಕೆ ಹೊಗೆ ತಾಗಬಾರದು.

ಬೇಲಿಯ ಆಚೆಯಿಂದ ಕಾರ್ಮಿನ್ ಬಾಯಿ ಕೆಮ್ಮುತ್ತಾ ಬಂದರು. "ಸೆವ್ರಿನ್ ಬಾಯಿ! ನನ್ನ ಕೆಸುವಿನ ದಂಟಿಗೆ ಹಂದಿ ವಾಸನೆ ಬರ್ತಾ ಉಂಟು! ಹಬ್ಬದ ದಿನ! ನಾನು ಪಾಪನಿವೇದನೆಯಲ್ಲಿ ಎಂತ ಹೇಳ್ಲಿ?"

"ಕಾರ್ಮಿನ್ ಬಾಯಿ, ನಿಮ್ಮ ಮನೆಯಲ್ಲಿ ಒಂದು ತುಂಡು ಮೀನು ಉಂಟಾ?" ಮೇಷ್ಟ್ರು ಕೇಳಿದರು.

"ಇವತ್ತಾ?"

"ಒಣಮೀನಾದ್ರೂ ಸಾಕು! ಆ ಮೂಗಿಗೆ ಒಮ್ಮೆ ಹಿಡಿದ್ರೆ ನಿಲ್ತದೆ!"

"ಮೇಷ್ಟ್ರೆ, ನನ್ನ ಬೆಕ್ಕಿಗೂ ಇವತ್ತು ಹಾಲನ್ನ!"

ನಿಜವೇ. ವಾರ್ಡಿನ ನಲ್ವತ್ತೆರಡು ಮನೆಗಳಲ್ಲಿ ಅಂದು ಮೀನಿನ ಒಂದು ಪೊರೆ ಕೂಡ ಸಿಗುವಂತಿರಲಿಲ್ಲ. ಸೈಕಲ್ಲಿನ ಮೀನುಗಾರನೂ ಈ ದಿನ ಈ ಕಡೆ ತಲೆ ಹಾಕುವುದಿಲ್ಲ. ಗುಡ್ಡದ ಆಚೆ ಸಂಕಪ್ಪಣ್ಣನ ಅಂಗಡಿಯಲ್ಲಿ ಒಣಮೀನು ಸಿಕ್ಕೀತು, ಆದರೆ ಹೋಗಿ ಬರಲು ಅರ್ಧ ಗಂಟೆ. 112.

"ನಾನು ಓಡ್ತೇನೆ" ಎಂದರು ಮೇಷ್ಟ್ರು.

"ಅಣ್ಣ ಬರುವ ದಾರಿಯಲ್ಲೇ? ಹಬ್ಬದ ದಿನ ಒಣಮೀನಿನ ಕಟ್ಟು ಹಿಡ್ಕೊಂಡು?" ಸೆವ್ರಿನ್ ಅವರಿಗೆ ಅಡ್ಡ ನಿಂತಳು. "ಅವನು ಹನ್ನೊಂದು ವರ್ಷದ ಮೇಲೆ ಬರ್ತಾ ಇದ್ದಾನೆ. ನಿಮಗೆ ಒಂದು ದಿನ, ಒಂದೇ ಒಂದು ದಿನ, ಮನುಷ್ಯರ ಹಾಗೆ ಸುಮ್ಮನೆ ಕೂರ್ಲಿಕ್ಕೆ ಆಗ್ಲಿಲ್ಲ!"

ಮೇಷ್ಟ್ರು ಗೋಣಿಯನ್ನು ಬಾವಿಯ ನೀರಿಗೆ ಅದ್ದಿ ತಂದರು.

"ಮಾತಾಡ್ತಾ ಕೂತ್ರೆ ಅಡಿಗೆ ಆಗ್ತದಾ?" ಎಂದಿತು ಪೆಟ್ಟಿಗೆ. 121.

*

ಗೇಟು ಕಿರ್ರೆಂದಿತು. ಸೆವ್ರಿನ್ ಬಟ್ಟಲು ಹಿಡಿದೇ ಮುಂದಿನ ಅಂಗಳಕ್ಕೆ ಓಡಿದಳು.

ಹೊಗೆಯ ನಡುವೆ ಮೊದಲು ಕಾಣಿಸಿದ್ದು ಒಂದು ಬಾಳೆಗೊನೆ, ಆಮೇಲೆ ಬಿಳಿ ಅಂಗಿ, ಆಮೇಲೆ ಲಾಜರ್. ಎಪ್ಪತ್ತೆರಡು ವರ್ಷ, ಬೆನ್ನು ಇನ್ನೂ ನೆಟ್ಟಗೆ. ತಮ್ಮ ಇಗರ್ಜಿಯಲ್ಲಿ ಉಪವಾಸದ ದಿನ ಯಾರು ಏನು ತಿಂದರು ಎಂದು ಲೆಕ್ಕ ಇಡುವವರೆಂದೇ ಅವರಿಗೆ ಹೆಸರು.

ಅವರು ಅಂಗಳದಲ್ಲಿ ನಿಂತು ಮೂಗೆಳೆದರು. ಇನ್ನೊಮ್ಮೆ ಎಳೆದರು. ಬಾಳೆಗೊನೆ ಮೆಲ್ಲಗೆ ಕೆಳಗಿಳಿಯಿತು.

"ಸೆವ್ರಿನ್. ಹಂದಿಯಾ?"

"ಅಣ್ಣ, ಅದು ಹಾಗಲ್ಲ..."

"ಇವತ್ತು? ಮಾತೆಯ ಹಬ್ಬದಂದು? ಹಂದಿಯಾ?"

"ತಿನ್ಲಿಕ್ಕಲ್ಲ ಅಣ್ಣ! ನಿನಗೆ ನಾಳೆಗೆ ಅಂತ..."

"ಇನ್ನೂ ಆಗ್ಲಿಲ್ಲ!" ಹಿತ್ತಲಿನಿಂದ ಅವಳದೇ ದನಿ ಗುಡುಗಿತು. "ಜೋರು ಮಾಡು!"

ಲಾಜರ್ ತಂಗಿಯ ಬಾಯಿ ನೋಡಿದರು. ಬಾಯಿ ಮುಚ್ಚಿತ್ತು. ದನಿ ಮಾತ್ರ ಮನೆಯ ಹಿಂದಿನಿಂದ ಬಂದಿತ್ತು. ಅವರ ಮುಖ ಕೆಂಪಾಗಿ, ಕಪ್ಪಾಗಿ, ಮತ್ತೆ ಕೆಂಪಾಯಿತು.

"ಯಂತ್ರ" ಎಂದರು.

ನೊವೆಂ ಬಟ್ಟಲು ಸೆವ್ರಿನ್‌ಳ ಕೈಯಲ್ಲೇ ಇತ್ತು, ಇಡಲು ಜಾಗ ಕಾಣಲಿಲ್ಲ. ಅಣ್ಣ ಬಾಳೆಗೊನೆಯನ್ನು ಮೆಟ್ಟಿಲ ಮೇಲೆ ಇಟ್ಟು ಗೇಟಿನ ಕಡೆ ತಿರುಗಿದರು. ಹೋದರೆ ಹೋದಂತೆಯೇ ಎಂದು ಅವಳಿಗೆ ಗೊತ್ತಿತ್ತು. ಎಪ್ಪತ್ತೆರಡರ ಮನುಷ್ಯ ಇನ್ನು ಹನ್ನೊಂದು ವರ್ಷ ಮುನಿಸಿಕೊಂಡರೆ ಮತ್ತೆ ಸೇರುವುದು ಎಲ್ಲಿ?

"ಅಣ್ಣ, ಹೋಗ್ಬೇಡ!" ಎಂದಳು. ದೊಡ್ಡದಾಗಿ, ನಾಚಿಕೆ ಬಿಟ್ಟು. "ನೊವೆಂ ಹಂಚಿ ಹೋಗು. ಊಟ ಮಾಡ್ಬೇಡ. ನನ್ನ ಮುಖ ನೋಡ್ಬೇಡ. ಇದನ್ನೊಂದು ಹಂಚಿ ಹೋಗು!"

ಲಾಜರ್ ನಿಂತರು. ಬಟ್ಟಲನ್ನು ನೋಡಿದರು. ಒಂದು ಕ್ಷಣ ಅವರ ಮುಖ ಸಡಿಲವಾದಂತೆ ಕಂಡಿತು.

"ನೂರ ಮೂವತ್ತೆಂಟು!" ಹಿತ್ತಲಿನಿಂದ ಮೇಷ್ಟ್ರು ಕಿರುಚಿದರು. "ಸೆವ್ರಿನ್, ದೂರ ಹೋಗು! ಕಾರ್ಮಿನ್ ಬಾಯಿ, ಬಾವಿಯಿಂದ ನೀರು! ನೂರ ನಲ್ವತ್ತು!"

"ಈ ಮನುಷ್ಯ ನನ್ನ ತಂಗಿಯ ಮನೆಗೇ ಬೆಂಕಿ ಇಡ್ತಾನೆ!" ಲಾಜರ್ ಗುಡುಗಿದರು. ಗೇಟಿನ ಕಡೆಗಿದ್ದ ಕಾಲು ಹಿತ್ತಲಿನ ಕಡೆ ತಿರುಗಿತು. ದಾಪುಗಾಲು ಹಾಕುತ್ತಾ ಹೋದರು. ಸೆವ್ರಿನ್ ಹಿಂದೆಯೇ ಓಡಿದಳು.

ಪೆಟ್ಟಿಗೆ ಸುಡುಸುಡು ಕಾದು ನಡುಗುತ್ತಿತ್ತು. 143. ಮೇಷ್ಟ್ರು ಒದ್ದೆ ಗೋಣಿ ಹಿಡಿದು ಕಟ್ಟಿಗೆ ಕೊಟ್ಟಿಗೆಗೆ ಅಡ್ಡ ನಿಂತಿದ್ದರು. ಹುಬ್ಬು ಅರ್ಧ ಸುಟ್ಟಿತ್ತು.

"ಎಲ್ಲಿ ಅದರ ಜೀವ ಇರುವುದು?"

"ಆ ಕಿಟಕಿಯಲ್ಲಿ ಭಾವ, ಆ ಮೂಗು... ಬೇಡ, ಕೀಳ್ಬೇಡಿ! ಕಿತ್ರೆ ವಾಸನೆಯೇ ಇಲ್ಲ ಅಂತ ಪೂರ್ತಿ ಉರೀತದೆ!"

ಲಾಜರ್ ಕೇಳಿಸಿಕೊಳ್ಳಲಿಲ್ಲ. ಕಿಟಕಿಯ ಎದುರು ನಿಂತು, ಆ ಮುಚ್ಚಳದಷ್ಟು ದೊಡ್ಡ ಮೂಗಿಗೆ ಬಲಗೈ ಬೆರಳು ಆಡಿಸುತ್ತಾ ಪ್ರಸಂಗ ಶುರುಮಾಡಿದರು. "ನಾಚಿಕೆ ಆಗ್ಬೇಕು! ಇದು ಮಾತೆಯ ಹಬ್ಬ! ಮೀನಿನ ಮುಳ್ಳು ಕೂಡ ಮುಟ್ಟಬಾರದ ದಿನ! ನಮ್ಮ ಅಪ್ಪ ಈ ದಿನ ಮೀನಿನ ಹೆಸರು ಸಹ ಬಾಯಲ್ಲಿ ತರ್ತಿರ್ಲಿಲ್ಲ! ನಾನೂ ಅಷ್ಟೇ!" ಎಂದವರೇ ಮೂಗನ್ನು ಕೀಳಲು ಮುಷ್ಟಿಯಲ್ಲಿ ಹಿಡಿದರು.

ಫ್ಯಾನು ನಿಂತಿತು.

ಎಷ್ಟು ನಿಶ್ಶಬ್ದವಾಯಿತೆಂದರೆ ಬಾವಿಯ ಬಳಿ ಕಾರ್ಮಿನ್ ಬಾಯಿಯ ಕೊಡದಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಕೆಂಪು ಅಂಕಿ 147ರಲ್ಲಿ ಒಮ್ಮೆ ಮಿಣುಕಿತು.

"ಬಂಗುಡೆ" ಎಂದಿತು ಪೆಟ್ಟಿಗೆ.

ಕಾರ್ಮಿನ್ ಬಾಯಿ ಕೊಡ ಕೆಳಗಿಟ್ಟು ಹತ್ತಿರ ಬಂದರು.

"ಬಂಗುಡೆಯ ಪುಳಿಮುಂಚಿ ಸಾರು. ಇವತ್ತು ಬೆಳಿಗ್ಗೆ ಎಂಟರ ಹೊತ್ತಿಗೆ. ಎರಡು ತುಂಡು." ಸೆವ್ರಿನ್‌ಳ ದನಿ ಈಗ ಮೃದುವಾಗಿತ್ತು, ಅಂಗೈಯಿಂದ ಸಾರು ನೆಕ್ಕಿದಾಗಿನ ಹಾಗೆ. "ಮೂರು."

ಲಾಜರ್ ಮುಷ್ಟಿ ಬಿಡಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಕಿವಿ ಮಾತ್ರ ಕೆಂಪಾಗುತ್ತಾ ಹೋಯಿತು.

"ಹಾಂ. ಈಗ ಸರಿಯಾಯ್ತು" ಎಂದಿತು ಪೆಟ್ಟಿಗೆ. 140. 131. 118.

*

ಮೊದಲು ಮಾತಾಡಿದವರು ಲಾಜರೇ. ಕಿಟಕಿಯ ಕಡೆಗೇ ನೋಡುತ್ತಾ ಹೇಳಿದರು. "ನಿನ್ನ ಅತ್ತಿಗೆ ಊರಲ್ಲಿ ಇಲ್ಲ. ಬೆಳಿಗ್ಗೆ ಮನೆಯಲ್ಲಿ ತಿನ್ಲಿಕ್ಕೆ ಎಂತದೂ ಇರ್ಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ನೀರುದೋಸೆ ಹೇಳಿದೆ. ಅವನು ತಟ್ಟೆಯಲ್ಲಿ ಹಾಕಿಯೇ ತಂದದ್ದು."

"ಮೂರು ತುಂಡಾ?" ಕಾರ್ಮಿನ್ ಬಾಯಿ ಕೇಳಿದರು.

"ಅವನೇ ಹಾಕಿದ್ದು!"

ಸೆವ್ರಿನ್ ಅಣ್ಣನ ಬೆನ್ನು ನೋಡುತ್ತಾ ನಿಂತಿದ್ದಳು. ಹನ್ನೊಂದು ವರ್ಷದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಈಗ ಒಂದನ್ನು ಆಡಿದರೂ ಗೆದ್ದಂತೆ. ಆದರೆ ಮುದುಕ ಒಬ್ಬನೇ ಹೋಟೆಲಿನ ಮೂಲೆಯಲ್ಲಿ ಕೂತು, ಯಾರೂ ನೋಡುತ್ತಿಲ್ಲವೆಂದು ಅತ್ತಿತ್ತ ಕಣ್ಣು ಹಾಯಿಸಿ, ಮುಳ್ಳು ಬಿಡಿಸಿ ತಿಂದದ್ದು ಅವಳ ಕಣ್ಣಿಗೆ ಕಟ್ಟಿತು.

"ಅಣ್ಣ, ಕೈ ತೊಳ್ಕೊಂಡು ಬಾ" ಎಂದಳು. "ನೊವೆಂ ತಣಿದು ಹೋಗ್ತದೆ."

ಲಾಜರ್ ತಲೆ ತಗ್ಗಿಸಿ ಬಾವಿಕಟ್ಟೆಯ ಕಡೆ ನಾಲ್ಕು ಹೆಜ್ಜೆ ಇಟ್ಟರು.

"ಇನ್ನೂ ಆಗ್ಲಿಲ್ಲ!" ಫ್ಯಾನು ಮತ್ತೆ ಗುರ್ರೆಂದಿತು. 118. 124. 133.

"ಭಾವ! ಕೈ ತೊಳೀಬೇಡಿ!" ಮೇಷ್ಟ್ರು ಕಿರುಚಿದರು. "ವಾಪಸು ಬನ್ನಿ! ಕೈ ಕೊಡಿ, ಕೈ!"

ಲಾಜರ್ ಓಡಿ ಬಂದು ಮೂಗಿಗೆ ಕೈ ಹಿಡಿದರು. ಫ್ಯಾನು ನಿಂತಿತು.

"ಸರಿಯಾಯ್ತು" ಎಂದಿತು ಪೆಟ್ಟಿಗೆ. "ಇನ್ನು ಮಾಂಸ ತಣಿಯಬೇಕು. ಮೂರು ಗಂಟೆ. ಆಮೇಲೆ ಬಾಗಿಲು."

"ಮೂರು ಗಂಟೆ?" ಲಾಜರ್ ಭಾವನನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಅವರ ಮುಖ ನೋಡಿ ಆಡಿದ ಮೊದಲ ಮಾತು ಅದು. "ಒಂದು ಗಂಟೆಗೆ ನನ್ನ ಬಸ್ಸು!"

"ಮೂರು ಗಂಟೆ ಇಲ್ಲಿಯೇ ಕೂರ್ಬೇಕು ಭಾವ" ಎಂದರು ಮೇಷ್ಟ್ರು ಅತ್ಯಂತ ವಿನಯದಿಂದ. "ಕೈ ತೆಗೆದ್ರೆ ಮನೆ ಹೋಗ್ತದೆ."

ಹಾಗಾಗಿ ಆ ವರ್ಷದ ಮೊಂತಿ ಹಬ್ಬದ ಊಟ ಇನಾಸ್ ಮೇಷ್ಟ್ರ ಮನೆಯಲ್ಲಿ ಮೇಜಿನ ಮೇಲೆ ನಡೆಯಲಿಲ್ಲ, ಹಿತ್ತಲಿನ ಕಿಟಕಿಯ ಕೆಳಗೆ ನಡೆಯಿತು. ಹೊಸ ಬಟ್ಟೆ ಹಾಸಿದ ಕುರ್ಚಿಯನ್ನು ಹೊರಗೆ ತಂದರು. ಲಾಜರ್ ಅದರಲ್ಲಿ ಕೂತು, ಪ್ರಮಾಣ ಮಾಡುವವರ ಹಾಗೆ ಬಲಗೈಯನ್ನು ಮೇಲೆತ್ತಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಅಪ್ಪ ಹೇಳುತ್ತಿದ್ದ ಪ್ರಾರ್ಥನೆಯನ್ನು ಒಂದಕ್ಷರ ಬಿಡದೆ ಹೇಳಿದರು. ಬಟ್ಟಲಿಗೆ ಎಡಗೈ ಹಾಕಬಾರದೆಂದು ಸೆವ್ರಿನ್ ಅದನ್ನು ಅವರ ಹಣೆಗೆ ಮುಟ್ಟಿಸಿ, ಅವರ ಹೆಸರಿನಲ್ಲಿ ತಾನೇ ಹಂಚಿದಳು. ಮೊದಲ ಚಮಚ ಅಣ್ಣನ ಬಾಯಿಗೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವಳಿಗೆ ಗಂಜಿ ಕುಡಿಸಿದ್ದ ಮನುಷ್ಯ ಈಗ ಅವಳ ಕೈಯಿಂದ ಮಗುವಿನ ಹಾಗೆ ನುಂಗಿದರು. ಈ ಸಲ ಅವಳು ಕಣ್ಣು ಒರೆಸಿಕೊಳ್ಳಲಿಲ್ಲ, ಹರಿಯಲು ಬಿಟ್ಟಳು.

ಆಮೇಲೆ ಒಂಬತ್ತು ಬಗೆ. ಮೇಷ್ಟ್ರು ಭಾವನಿಗೆ ಬೀಸಣಿಗೆ ಬೀಸಿದರು. ಕಾರ್ಮಿನ್ ಬಾಯಿ ತಮ್ಮ ಕೆಸುವಿನ ದಂಟಿನ ಪಾತ್ರೆಯನ್ನೂ ಹಿಡಿದು ಬಂದು ಕೂತರು. ಅದಕ್ಕೂ ಹೇಗೂ ಹೊಗೆ ತಾಗಿತ್ತು. ಒಂದು ಗಂಟೆಯ ಬಸ್ಸು ದೂರದ ತಿರುವಿನಲ್ಲಿ ಹಾರ್ನ್ ಹೊಡೆದು ಹೋಯಿತು. ಲಾಜರ್ ಅತ್ತ ತಲೆ ಕೂಡ ಎತ್ತಲಿಲ್ಲ, ಬೆಂಡೆಕಾಯಿಗೆ ಎರಡನೇ ಸಲ ಬಾಯಿ ತೆರೆದರು.

ಅಗಿದರು. ನಿಲ್ಲಿಸಿದರು. ಮತ್ತೆ ಅಗಿದರು.

"ಸೆವ್ರಿನ್, ಈ ಬೆಂಡೆಕಾಯಿಗೆ ಎಂತ ಹಾಕಿದ್ದಿ? ಇಷ್ಟು ವರ್ಷದಲ್ಲಿ ಇಂಥ ಬೆಂಡೆಕಾಯಿ ನಾನು ತಿಂದದ್ದಿಲ್ಲ. ಏನೋ ಒಂದು ವಾಸನೆ..."

ಸೆವ್ರಿನ್ ಇನ್ನೊಂದು ತುತ್ತು ಕಲಸಿ ಎತ್ತಿದಳು.

"ಈ ಮನೆಯಲ್ಲಿ ಇವತ್ತು ಬರೀ ತರಕಾರಿ ಅಣ್ಣ" ಎಂದಳು. "ಬೇರೆ ವಾಸನೆ ಏನಾದ್ರೂ ಬರ್ತಿದ್ರೆ ಅದು ನಿನ್ನ ಕೈಯದ್ದೇ."